ಗೆರೆ ದಾಟಿದ ಟಿಕಳಿ

ಬಾಸ್ಕೆಟ್‌ಬಾಲ್ ಆಟದಲ್ಲಿ ನನಗೆ ಸಿಕ್ಕ ಜಾಗ ಅಂಗಳದ ಹೊರಗೆ. ಹಾಗೆಂದು ನಾನು ಬದಲಿ ಆಟಗಾರ್ತಿಯೂ ಅಲ್ಲ, ನೀರಿನ ಬಾಟಲಿ ಹೊರುವವಳೂ ಅಲ್ಲ. ಚೆಂಡು ಗೆರೆಯಾಚೆ ಹೋದಾಗಲೆಲ್ಲ ಅದನ್ನು ಕೈಗೆ ತೆಗೆದುಕೊಂಡು, ಹೊರಗೆ ನಿಂತು, ಒಳಗಿರುವ ನಮ್ಮವರಿಗೆ ಎಸೆಯುವುದು ನನ್ನ ಕೆಲಸ. ಥ್ರೋ-ಇನ್ ಅನ್ನುತ್ತಾರೆ. ನೋಡುವವರಿಗೆ ಇದು ಆಟದ ನಡುವೆ ಒಂದು ಬಿಡುವಿನ ಹಾಗೆ ಕಾಣುತ್ತದೆ. ಆದರೆ ಆ ಗೆರೆಯ ಮೇಲೆ, ಎಸೆಯುವವಳಿಗೂ ಅವಳನ್ನು ತಡೆಯಲು ಎದುರು ನಿಂತವಳಿಗೂ ನಡುವೆ ಏನೇನು ನಡೆಯುತ್ತದೆ ಎನ್ನುವುದು ನಿಂತವರಿಗೇ ಗೊತ್ತು.

ನಾವಿರುವುದು ನಾಶಿಕದ ಹತ್ತಿರ, ಓಝರ್ ಕಡೆಯ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ. ನನ್ನ ಗಂಡ ಅಲ್ಲಿ ಎಂಜಿನಿಯರ್. ಬೀದರ್ ಜಿಲ್ಲೆಯ ಒಂದು ಹಳ್ಳಿಯಿಂದ ಮದುವೆಯಾಗಿ ಬಂದವಳು ನಾನು. ಮಗಳು ಇಲ್ಲೇ ಹುಟ್ಟಿ ಬೆಳೆದು ಈಗ ಕಾಲೇಜಿಗೆ ಹೋಗುತ್ತಾಳೆ. ನಾನು ಕನ್ನಡದಲ್ಲಿ ಬೈದರೆ ಅವಳು ಮರಾಠಿಯಲ್ಲಿ ಎದುರುತ್ತರ ಕೊಡುತ್ತಾಳೆ. ನಲವತ್ತು ದಾಟಿದ ಮೇಲೆ ಮೊಣಕಾಲು ನೋಯಲು ಶುರುವಾಗಿ, ಡಾಕ್ಟರು ದಿನಾ ನಡೆಯಿರಿ ಎಂದಿದ್ದರು. ಪಕ್ಕದ ಮನೆಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳಿದ್ದಾಳೆ. ಅವಳೂ ನಾನೂ ಸಂಜೆ ಹೊತ್ತು ಮೈದಾನ ಸುತ್ತುತ್ತಿದ್ದೆವು. ಒಂದು ದಿನ ನಮ್ಮನ್ನು ಅಡ್ಡಗಟ್ಟಿದವರು, ಮುಂದೆ ನಮ್ಮ ಕೋಚ್ ಆದ ಹೆಂಗಸು. ಭಾಲ್ಕಿಯ ಕಡೆಯವರು, ದೈಹಿಕ ಶಿಕ್ಷಕಿಯಾಗಿ ನಿವೃತ್ತರಾಗಿ ಮಗನ ಮನೆಗೆ ಬಂದು ನೆಲೆಸಿದ್ದರು. ಸುಮ್ಮನೆ ಕೂರುವುದು ಅವರಿಗೆ ಗೊತ್ತಿರಲಿಲ್ಲ.

"ಸುತ್ತು ಹೊಡದು ಹೊಡದು ಎಲ್ಲಿ ಮುಟ್ಟತೀರಿ? ಹೊಳ್ಳಿ ಮನಿಗೇ ಬರ್ತೀರಿ. ಬರ್ರಿ ಒಳಗ," ಎಂದು ಬಾಸ್ಕೆಟ್‌ಬಾಲ್ ಅಂಗಳದ ಕಡೆ ಬೆರಳು ತೋರಿಸಿದರು.

ಮೊದಲ ವಾರ ನನ್ನನ್ನು ಏನು ಮಾಡುವುದೆಂದು ಅವರಿಗೇ ತಿಳಿಯಲಿಲ್ಲ. ಓಡಿದರೆ ಅರ್ಧ ಅಂಗಳಕ್ಕೆ ಏದುಸಿರು. ಬುಟ್ಟಿಗೆ ಎಸೆದರೆ ಚೆಂಡು ಹಲಗೆಯನ್ನೂ ದಾಟಿ ಹಿಂದಿನ ಬಾದಾಮಿ ಮರದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಬ್ಯಾಂಕಿನ ಗೆಳತಿ ಮಾತ್ರ ಮೊದಲ ದಿನವೇ ಬುಟ್ಟಿಯ ಮೇಲೆ ಬುಟ್ಟಿ ಹಾಕಿ ಎಲ್ಲರ ಕಣ್ಮಣಿಯಾದಳು. ಆಗ ಒಂದು ಸಂಜೆ, ಮೈದಾನದ ಆ ತುದಿಯಲ್ಲಿ ಸ್ಕೂಟಿ ಏರುತ್ತಿದ್ದ ಮಗಳಿಗೆ ನಾನು ಈ ತುದಿಯಿಂದ, "ಕುಕ್ಕರ್ ಬಂದ್ ಮಾಡಿ ಬಂದೀಯೇನs?" ಎಂದು ಕೂಗಿದೆ. ಮೈದಾನದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕ್ರಿಕೆಟ್ ಆಡುತ್ತಿದ್ದವರು ಬೌಲಿಂಗ್ ನಿಲ್ಲಿಸಿದರು. ಕೋಚ್ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿ, "ಇಂಥ ಗಂಟಲಿಗೆ ಹೊರಗ ನಿಂದ್ರೋದೇ ಚಲೋ. ಇನ್ ಮ್ಯಾಲ ಥ್ರೋ-ಇನ್ ನೀವೇ ಮಾಡ್ರಿ. ಒಳಗಿನವರನ್ನ ಒದರಿ ಕರೀರಿ, ಚೆಂಡು ಎಸೀರಿ," ಎಂದರು.

ಮರುದಿನ ಸುಣ್ಣದ ಗೆರೆಯ ಪಕ್ಕ ನಿಲ್ಲಿಸಿ ನಿಯಮ ಹೇಳಿಕೊಟ್ಟರು.

"ಈ ಗೆರಿ ಮ್ಯಾಲ ಒಂದು ಗೋಡಿ ಅದ ಅಂತ ತಿಳ್ಕೋರಿ. ಕಣ್ಣಿಗೆ ಕಾಣಂಗಿಲ್ಲ, ಆದ್ರ ಮುಗಲ ತನಕ ಅದ. ನೀವು ಚೆಂಡು ಕೈ ಬಿಡೋ ತನಕ ಎದುರಿನಾಕಿ ಈ ಗೋಡಿ ದಾಟಿ ಕೈ ಹಾಕಬಾರದು, ಕಾಲು ಹಾಕಬಾರದು. ನೀವು ಒಳಗ ಕಾಲಿಡಬಾರದು. ಐದು ಎಣಸೋದ್ರಾಗ ಚೆಂಡು ಎಸೀಬೇಕು. ಇಲ್ಲಂದ್ರ ಚೆಂಡು ಅವರಿಗೆ."

"ನನ್ನ ಕೈ ಗೋಡಿ ದಾಟಬಹುದೇನ್ರಿ?"

"ದಾಟಬಹುದು."

"ಚೆಂಡು ಹಿಡಕೊಂಡೇ?"

"ಹಿಡಕೊಂಡೇ."

"ಆಗ ಆಕಿ ಚೆಂಡು ಕಸಗೊಂಡ್ರ?"

ಕೋಚ್ ಮೊದಲ ಸಲ ನನ್ನನ್ನು ನೋಡಿ ನಕ್ಕರು. "ಕಸಗೋಳಲಿ ಬಿಡ್ರಿ. ನಿಮ್ಮ ಕೈಯಾಗ ಇರೋ ತನಕ ಮುಟ್ಟಂಗಿಲ್ಲ. ಮೊದಲನೇ ಸಲ ರೆಫರಿ ತಾಕೀತ್ ಮಾಡ್ತಾನ. ಮತ್ತ ಮುಟ್ಟಿದಳು ಅಂದ್ರ ಫೌಲು, ನಮಗೊಂದು ಫ್ರೀ ಥ್ರೋ. ಗೆರಿ ದಾಟಿ ನಿಮ್ಮ ಮೈ ಮುಟ್ಟಿದಳು ಅಂದ್ರಂತೂ ಎರಡು ಫ್ರೀ ಥ್ರೋ, ಅದರ ಮ್ಯಾಲ ಚೆಂಡೂ ನಮ್ದೇ."

ನನ್ನೊಳಗೆ ಏನೋ ಅರಳಿದಂತಾಯಿತು. ತುಂಬಿದ ಮನೆಯಲ್ಲಿ ನಡುವಿನ ಮಗಳಾಗಿ ಬೆಳೆದವಳು ನಾನು. ಮೈ ಮುಟ್ಟದೆ ಕೆಣಕುವುದು, ಕೆಣಕಿಸಿಕೊಂಡವರು ಸಿಟ್ಟಿನಲ್ಲಿ ಕೈ ಎತ್ತುವಾಗ ಅಪ್ಪ ಒಳಗೆ ಬರುವಂತೆ ಹೊತ್ತು ನೋಡಿಕೊಳ್ಳುವುದು, ಬೈಗುಳ ಅವರಿಗೇ ಬೀಳುವಾಗ ಪಾಪದ ಮುಖ ಮಾಡಿ ನಿಲ್ಲುವುದು, ಇದೆಲ್ಲ ನನಗೆ ಚಿಕ್ಕಂದಿನಲ್ಲೇ ಕರಗತವಾಗಿತ್ತು. ಮದುವೆಯಾದ ಮೇಲೆ ಈ ವಿದ್ಯೆಗೆ ಕೆಲಸವಿರಲಿಲ್ಲ. ಈಗ ಒಂದು ಆಟ, ನಿಯಮದ ಸಮೇತ, ನನ್ನನ್ನು ಕರೆದು ಕೆಣಕು ಎನ್ನುತ್ತಿತ್ತು.

ಅಭ್ಯಾಸಕ್ಕೆ ಮಗಳನ್ನು ಎದುರು ನಿಲ್ಲಿಸಿಕೊಂಡೆ. ಚೆಂಡನ್ನು ಅವಳ ಮೂಗಿನ ತನಕ ಚಾಚುವುದು, ಅವಳು ಬಡಿಯಲು ಕೈ ಎತ್ತಿದರೆ ಒಂದು ಗಳಿಗೆ ತಡೆದು, ಬಡಿಯಲು ಬಿಡುವುದು. ಬಡಿದ ಕೂಡಲೇ, "ಫೌಲ್!" ಎಂದು ಕೂಗುವುದು.

"ಆಯೀ, ಹೇ ಚೀಟಿಂಗ್ ಆಹೇ!" ಎಂದು ಅವಳು ಕಾಲು ನೆಲಕ್ಕೆ ಬಡಿದಳು.

"ಚೀಟಿಂಗ್ ಅಲ್ಲವ್ವಾ, ನಿಯಮ," ಎಂದೆ.

ನಮ್ಮ ಅಂಗಳದ ಒಂದು ತೊಂದರೆಯೂ ನನಗೆ ಅನುಕೂಲವಾಗಿಯೇ ಒದಗಿತು. ಬುಟ್ಟಿಯ ಹಿಂದಿನ ಗೆರೆಗೆ ಅಂಟಿಕೊಂಡಂತೆ ನೀರಿನ ಟ್ಯಾಂಕಿನ ಗೋಡೆ ಇದೆ. ಎಸೆಯುವವಳಿಗೆ ಹಿಂದೆ ಸರಿಯಲು ಜಾಗ ಸಾಲದಿದ್ದರೆ ಎದುರಿನವಳು ಒಂದು ಮೀಟರ್ ದೂರ ನಿಲ್ಲಬೇಕು ಎನ್ನುವ ನಿಯಮವಿದೆ. ಹೀಗಾಗಿ ನಮ್ಮಲ್ಲಿಗೆ ಆಡಲು ಬಂದವರೆಲ್ಲ ನನ್ನಿಂದ ಅಷ್ಟು ದೂರ ನಿಂತು, ಚಾಚಿದ ಚೆಂಡಿನ ಆಸೆಗೆ ಮುಂದೆ ಬಾಗಿ ಬಾಗಿ ಸಿಕ್ಕಿಬೀಳುತ್ತಿದ್ದರು. ಚಾಂದವಡದ ತಂಡ ಬಿತ್ತು. ಪಿಂಪಳಗಾಂವ್ ಬಸವಂತದ ತಂಡ ಬಿತ್ತು. ಪಿಂಪಳಗಾಂವಿನಿಂದ ಬಂದ ಒಬ್ಬಳು, ದ್ರಾಕ್ಷಿ ತೋಟದ ಮನೆಯವಳು, ಆಟ ಮುಗಿದ ಮೇಲೆ ನಮಗೆಲ್ಲ ಹಂಚಲೆಂದು ದ್ರಾಕ್ಷಿಯ ಪೆಟ್ಟಿಗೆ ತೆರೆದಳು. ನನ್ನ ಮುಂದೆ ಬಂದಾಗ ಪೆಟ್ಟಿಗೆಯನ್ನು ಮೂಗಿನ ತನಕ ಚಾಚಿ, ನಾನು ಕೈ ಹಾಕುವಷ್ಟರಲ್ಲಿ ಹಿಂದಕ್ಕೆ ಎಳೆದುಕೊಂಡು, "ಫೌಲ್, ಕಾಕೂ!" ಎಂದಳು.

ಇಷ್ಟು ಖ್ಯಾತಿ ಬಂದ ಮೇಲೆ ಛತ್ರಪತಿ ಸಂಭಾಜಿನಗರದಿಂದ ಕರೆ ಬಂತು. ಅಲ್ಲಿನ ಹೆಂಗಸರ ತಂಡವೊಂದು ನಲವತ್ತು ದಾಟಿದವರಿಗಾಗಿ ಪಂದ್ಯ ಏರ್ಪಡಿಸಿತ್ತು. ಒಂದು ಭಾನುವಾರ ಬೆಳಿಗ್ಗೆ ಟೆಂಪೋ ಟ್ರಾವೆಲರ್ ಹತ್ತಿ ಹೊರಟೆವು. ಮುಂದಿನ ಸೀಟಿನಲ್ಲಿ ಕೂತ ಕೋಚ್, ಆಟಕ್ಕೆ ಮೊದಲು ಯಾರೂ ಎಣ್ಣೆಯದ್ದು ತಿನ್ನಬಾರದು ಎಂದು ಅಪ್ಪಣೆ ಮಾಡಿದ್ದರು. ಚಾಂದವಡದಲ್ಲಿ ಈರುಳ್ಳಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಗಾಡಿ ನಿಂತಾಗ ಬ್ಯಾಂಕಿನ ಗೆಳತಿ ಕಿಟಕಿಯಿಂದಲೇ ಬಟಾಟೆವಡೆ ಕೊಂಡಳು. ಸೀಟಿನಿಂದ ಸೀಟಿಗೆ, ಸೀಟಿನ ಕೆಳಗಿಂದ, ಸದ್ದಿಲ್ಲದೆ ಪಾಸ್ ಆಗುತ್ತಾ ಆ ಪೊಟ್ಟಣ ಹಿಂದಿನ ಸೀಟು ತಲುಪಿತು. ಅಂಗಳದಲ್ಲಿ ನಾವು ಎಂದೂ ಅಷ್ಟು ಚೆನ್ನಾಗಿ ಪಾಸ್ ಮಾಡಿದ್ದಿಲ್ಲ.

"ವಾಸನಿ ಬರ್ಲತ್ತದ," ಎಂದರು ಕೋಚ್, ತಿರುಗದೆ.

"ಉಳ್ಳಾಗಡ್ಡಿ ಟ್ರ್ಯಾಕ್ಟರ್ ರೀ," ಎಂದೆ.

ಸಂಭಾಜಿನಗರದ ಅಂಗಳ ನೋಡಿದ ಕೂಡಲೇ ನನ್ನ ಉತ್ಸಾಹ ಸ್ವಲ್ಪ ಇಳಿಯಿತು. ಅದು ಬಯಲಿನ ನಡುವಿನ ಸಿಮೆಂಟಿನ ಅಂಗಳ. ಅಂದು ಬೆಳಿಗ್ಗೆಯಷ್ಟೇ ಹಾಕಿದ ಸುಣ್ಣದ ಗೆರೆ ಬೆಳ್ಳಗೆ ಹೊಳೆಯುತ್ತಿತ್ತು. ಸುತ್ತ ಧಾರಾಳ ಜಾಗ, ಯಾವ ಟ್ಯಾಂಕೂ ಇಲ್ಲ, ಗೋಡೆಯೂ ಇಲ್ಲ. ಅಂದರೆ ಎದುರಿನವಳು ಗೆರೆಗೆ ಮೂಗು ತಾಗಿಸಿ ನಿಲ್ಲಬಹುದು. ಹಾಗೆಯೇ ಆಯಿತು. ಮೊದಲ ಥ್ರೋ-ಇನ್‌ಗೆ ನಾನು ಚೆಂಡು ಹಿಡಿದು ನಿಂತಾಗ, ಅವರ ಕಡೆಯ ಅತಿ ಎತ್ತರದ ಹೆಂಗಸು ಬಂದು ಬಾಗಿಲು ಮುಚ್ಚಿದ ಹಾಗೆ ನನ್ನೆದುರು ನಿಂತಳು. ನನ್ನ ವಯಸ್ಸಿನವಳೇ. ಅಗಲವಾದ ಭುಜ, ಉದ್ದನೆಯ ಕೈ, ಬಿಗಿದ ಜಡೆ. ಬೆವರಿಗೆ ಕರಗುತ್ತದೆ ಎಂದೋ ಏನೋ ಕುಂಕುಮವನ್ನು ಒರೆಸಿಕೊಂಡು ಬಂದಿದ್ದಳು. ನಾನು ಮಾತ್ರ ದೊಡ್ಡ ಮರೂನ್ ಬಣ್ಣದ ಸ್ಟಿಕರ್ ಬೊಟ್ಟು ಹಚ್ಚಿಕೊಂಡಿದ್ದೆ. ನಾವು ಅದನ್ನು ಟಿಕಳಿ ಅನ್ನುತ್ತೇವೆ.

ಸರಿ, ನನ್ನ ವಿದ್ಯೆ ತೆಗೆದೆ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಗೆರೆಯಾಚೆ, ಅವಳ ಗಲ್ಲದ ಹತ್ತಿರ ಚಾಚಿದೆ. ಅವಳು ತಡೆಯಲಾರದೆ ಪಟ್ಟನೆ ಬಡಿದಳು. ಸೀಟಿ ಕೂಗಿತು. ರೆಫರಿ ಕಾಲೇಜು ಮುಗಿಸಿದ ತರುಣ, ನಮ್ಮನ್ನೆಲ್ಲ ಕಾಕೂ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ. ಅವಳಿಗೆ ತಾಕೀತು ಮಾಡಿದ. ಸ್ವಲ್ಪ ಹೊತ್ತಿಗೆ ಮತ್ತೊಂದು ಥ್ರೋ-ಇನ್. ಮತ್ತೆ ಚಾಚಿದೆ, ಈ ಸಲ ಸ್ವಲ್ಪ ಕುಣಿಸಿಯೂ ಕುಣಿಸಿದೆ. ಅವಳು ಮತ್ತೆ ಬಡಿದಳು. ಫೌಲ್. ಬ್ಯಾಂಕಿನ ಗೆಳತಿ ಹೋಗಿ ಫ್ರೀ ಥ್ರೋ ಹಾಕಿ ಒಂದು ಅಂಕ ತಂದಳು. ನಾನು ಆ ಎತ್ತರದ ಹೆಂಗಸಿನ ಕಡೆ ನೋಡಿ, ಅಪ್ಪನ ಮುಂದೆ ಮಾಡುತ್ತಿದ್ದ ಅದೇ ಪಾಪದ ಮುಖ ಮಾಡಿದೆ.

ಅವಳು ಜಡೆಯನ್ನು ಇನ್ನೊಮ್ಮೆ ಬಿಗಿದುಕೊಂಡಳು. ಅಲ್ಲಿಂದ ಮುಂದೆ ನನ್ನ ಕೈಯಲ್ಲಿರುವ ಚೆಂಡಿಗೆ ಕೈ ಹಾಕುವುದನ್ನೇ ಬಿಟ್ಟಳು. ಅಷ್ಟೇ ಅಲ್ಲ, ನಾನು ಎಸೆದ ಚೆಂಡೆಲ್ಲ ಅವಳಿಗೇ ಸಿಗತೊಡಗಿತು. ನಮ್ಮ ಕೋಚ್ ಬೆಂಚಿನಿಂದ ಕನ್ನಡದಲ್ಲಿ ಕೂಗುತ್ತಿದ್ದರು. ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯ. "ಎಡಕ್ಕ ಕೊಡ್ರಿ" ಎಂದರೆ ಅವಳು ನನಗಿಂತ ಮೊದಲೇ ಎಡಕ್ಕೆ ಇರುತ್ತಿದ್ದಳು. "ಉದ್ದಕ್ಕ ಒಗೀರಿ" ಎಂದರೆ ಹಿಂದೆ ಸರಿದು ಕೈ ಎತ್ತಿ ನಿಂತಿರುತ್ತಿದ್ದಳು. ಅಂಕ ಸಮವಾಯಿತು, ಆಮೇಲೆ ಅವರೇ ಮುಂದಾದರು. ನಾನು ಎಸೆದ ಇನ್ನೊಂದು ಚೆಂಡನ್ನು ಹಿಡಿದು ತಮ್ಮವರಿಗೆ ದಾಟಿಸಿ, ಓಡುವ ಮುಂಚೆ ನನ್ನ ಕಡೆ ಬಾಗಿ ಅವಳು ಹೇಳಿದಳು:

"ನಿಮ್ಮ ಕೋಚ್ ಭಾಳ ಜೋರ್ ಒದರ್ತಾರ್ರಿ."

ನಾನು ಬಾಯಿ ತೆರೆದುಕೊಂಡು ಅಲ್ಲೇ ನಿಂತೆ. ಅಪ್ಪಟ ನಮ್ಮ ಕಡೆಯ ಕನ್ನಡ!

"ಯಾವ್ ಊರ್ರೀ ನಿಮ್ದು?" ಎಂದು ಅವಳ ಬೆನ್ನಿಗೆ ಕೂಗಿದೆ.

"ಆಳಂದ ಕಡಿ! ಓಡ್ರಿ ಮೊದಲ, ನಿಮ್ಮ ಬುಟ್ಟಿ ಖಾಲಿ ಬಿದ್ದದ!" ಎಂದು ಓಡುತ್ತಲೇ ಹೇಳಿ, ಹೋಗಿ ಎರಡು ಅಂಕ ಹಾಕಿ ಬಂದಳು.

ವಿರಾಮದಲ್ಲಿ ಕೋಚ್‌ಗೆ ಸಂಗತಿ ಹೇಳಿದಾಗ ಅವರು ಕೈಯಲ್ಲಿದ್ದ ಗ್ಲುಕೋಸ್ ನೀರು ಕುಡಿಯುವುದನ್ನೇ ಮರೆತರು. "ಹಂಗಾದ್ರ ಇಷ್ಟೊತ್ತು ನಾ ಅವರಿಗೇ ಕೋಚಿಂಗ್ ಮಾಡ್ಲತ್ತಿದ್ನೇನು?"

ಆದರೆ ನನಗೆ ಇನ್ನೊಂದು ಕಿಡಿಗೇಡಿತನ ಹೊಳೆದಿತ್ತು. ಎದುರಿನವಳ ಬೆನ್ನು ನನ್ನ ಕಡೆ ಇದ್ದರೆ, ಪೆಟ್ಟಾಗದ ಹಾಗೆ ಚೆಂಡನ್ನು ಆ ಬೆನ್ನಿಗೇ ತಾಗಿಸಿ, ಅದು ಪುಟಿದು ಒಳಗೆ ಬಿದ್ದಾಗ ಒಳಗೆ ಕಾಲಿಟ್ಟು ನಾನೇ ಹಿಡಿಯಬಹುದು. ಅದಕ್ಕೆ ನಿಯಮದ ಅಡ್ಡಿಯಿಲ್ಲ. ಕೋಚ್‌ಗೆ ಕಿವಿಯಲ್ಲಿ ಹೇಳಿದೆ. ಅವರು ನನ್ನ ಗಲ್ಲ ಹಿಂಡಿದರು.

ಆಟ ಮತ್ತೆ ಶುರುವಾಗಿ ಅವರ ಬುಟ್ಟಿಯ ಪಕ್ಕದಲ್ಲೇ ನಮಗೆ ಥ್ರೋ-ಇನ್ ಸಿಕ್ಕಿತು. ನಾನು ಚೆಂಡು ಹಿಡಿದು ನಿಂತೆ, ಅವಳು ಎದುರು ನಿಂತಳು. ಬೆಂಚಿನಿಂದ ಕೋಚ್ ಪ್ರಾಣ ಹೋಗುವಂತೆ ಕಿರುಚಿದರು, "ಬಲಕ್ಕ! ಬಲಕ್ಕ ಆಕಿ ಒಬ್ಬಾಕೇ ನಿಂತಾಳ, ಕೊಡ್ರಿ ಆಕಿಗೆ!" ಎತ್ತರದ ಹೆಂಗಸು ಗರ್ರನೆ ಬಲಕ್ಕೆ ತಿರುಗಿದಳು. ಅಷ್ಟಗಲ ಬೆನ್ನು, ಕರಿಹಲಗೆಯ ಹಾಗೆ, ನನ್ನ ಮುಂದೆ ತೆರೆದುಕೊಂಡಿತು. ಮೆಲ್ಲಗೆ ಚೆಂಡು ತಾಗಿಸಿದೆ. ಪುಟಿದು ಬಂತು. ಒಳಗೆ ಹೆಜ್ಜೆಯಿಟ್ಟು ಹಿಡಿದು, ಬುಟ್ಟಿಯ ಕೆಳಗಿದ್ದ ಬ್ಯಾಂಕಿನ ಗೆಳತಿಗೆ ಕೊಟ್ಟೆ. ಎರಡು ಅಂಕ.

"ಅರೇ! ಹಿನೇ ಮಲಾ ಮಾರಲಂ!" ಎಂದು ಅವಳು ರೆಫರಿಯ ಕಡೆ ಓಡಿದಳು. ಇವಳು ನನಗೆ ಹೊಡೆದಳು ಎಂದು ದೂರು. ರೆಫರಿ ಒಂದು ಗಳಿಗೆ ಯೋಚಿಸಿ, ಚೆಂಡು ತಾಗಿದರೆ ಫೌಲ್ ಅಲ್ಲ, ಜೋರಾಗಿಯೂ ಹೊಡೆದಿಲ್ಲ, ಅಂಕ ಸರಿ ಎಂದ. ಅವಳು ಬೆನ್ನು ಒರೆಸಿಕೊಳ್ಳುತ್ತ ನನ್ನ ಪಕ್ಕ ಹಾದುಹೋದಳು. ತುಟಿಯ ತುದಿಯಲ್ಲಿ ನಗು ಇತ್ತು.

"ನೋಡ್ಕೋತೀನಿ, ಅಕ್ಕಾರ."

"ನೋಡ್ಕೋರಿ, ತಂಗೀ."

ಕೊನೆಯ ಗಳಿಗೆ ಬರುವಾಗ ನಾವು ಒಂದೇ ಅಂಕ ಹಿಂದಿದ್ದೆವು. ಗಡಿಯಾರದಲ್ಲಿ ಇನ್ನೂ ಕೆಲವು ಸೆಕೆಂಡು ಉಳಿದಿತ್ತು. ಪಕ್ಕದ ಗೆರೆಯಿಂದ ಥ್ರೋ-ಇನ್, ಚೆಂಡು ನನ್ನ ಕೈಯಲ್ಲಿ, ಅವಳು ನನ್ನೆದುರು. ಎರಡೂ ಕಡೆಯವರು ಎದ್ದು ನಿಂತು ಕೂಗುತ್ತಿದ್ದರು. ನಾನು ಚೆಂಡನ್ನು ಬಲಕ್ಕೆ ತೋರಿಸಿ, ಬ್ಯಾಂಕಿನ ಗೆಳತಿ ಎಲ್ಲಿದ್ದಾಳೆ ನೋಡೋಣವೆಂದು ತಟ್ಟನೆ ಎಡಕ್ಕೆ ತಲೆ ಬಾಗಿಸಿದೆ. ಅವಳೂ ಅದೇ ಗಳಿಗೆಗೆ ಅದೇ ಕಡೆ ಬಾಗಿದಳು. ಟಕ್!

ಕಣ್ಣ ಮುಂದೆ ಹಗಲಲ್ಲೇ ನಕ್ಷತ್ರ. ಚೆಂಡು ಎಲ್ಲೋ ಹೋಯಿತು, ಸೀಟಿ ಎಲ್ಲಿಂದಲೋ ಕೇಳಿತು. ಕಣ್ಣು ಬಿಟ್ಟಾಗ ನಾನು ಗೆರೆಯ ಹೊರಗೆ ಕೂತಿದ್ದೆ, ಅವಳು ಒಳಗೆ ಕೂತಿದ್ದಳು. ಇಬ್ಬರೂ ಹಣೆ ಹಿಡಿದುಕೊಂಡಿದ್ದೆವು. ಅವಳು ಕೈ ತೆಗೆದಳು. ಅವಳ ಎಡಹುಬ್ಬಿನ ಸ್ವಲ್ಪ ಮೇಲೆ ನನ್ನ ಮರೂನ್ ಟಿಕಳಿ ಅಂಟಿಕೊಂಡಿತ್ತು.

"ಕಾಕೂ, ಕೋಣ ಕೋಣಾಲಾ ಲಾಗಲಂ?" ರೆಫರಿ ನಮ್ಮಿಬ್ಬರ ನಡುವೆ ಕುಕ್ಕರಗಾಲಲ್ಲಿ ಕೂತು ಕೇಳಿದ. ಯಾರು ಯಾರಿಗೆ ತಾಗಿದ್ದು?

"ಇವರೇ ನನಗ!" ಎಂದೆವು ಇಬ್ಬರೂ ಒಟ್ಟಿಗೆ, ರೆಫರಿಗೆ ತಿಳಿಯದ ಭಾಷೆಯಲ್ಲಿ.

ಅಷ್ಟರಲ್ಲಿ ಎರಡೂ ತಂಡ ಸುತ್ತ ಸೇರಿತು. ನಮ್ಮ ಕೋಚ್, ಸಾಕ್ಷಿ ಅವಳ ಹಣೆಯ ಮೇಲೇ ಇದೆ ನೋಡು ಎಂದು ಮರಾಠಿಯಲ್ಲಿ ವಾದಿಸಿದರು. ಅವರ ಕಡೆಯವರು, ಅದೇ ಸಾಕ್ಷಿ, ಟಿಕಳಿ ನಮ್ಮ ಕಡೆ ಬಂದಿದೆ ಅಂದರೆ ತಲೆಯೂ ನಮ್ಮ ಕಡೆ ಬಂದಿತ್ತು ಎಂದರು. ತಲೆಗೆ ತಲೆ ತಾಗಿದೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ತಾಗಿದ್ದು ಗೆರೆಯ ಯಾವ ಕಡೆ ಎನ್ನುವುದೇ ಪ್ರಶ್ನೆ. ಗೆರೆ ದಾಟಿ ಅವಳು ಬಂದಿದ್ದರೆ ದೊಡ್ಡ ಫೌಲ್ ಅವಳ ಮೇಲೆ. ನಾನು ಒಳಗೆ ಬಾಗಿ ಗುದ್ದಿದ್ದರೆ ತಪ್ಪು ನನ್ನದು, ಚೆಂಡು ಅವರಿಗೆ.

ರೆಫರಿಗೆ ಬೇರೆ ದಾರಿ ತೋಚಲಿಲ್ಲ. ಇಬ್ಬರನ್ನೂ ಎಬ್ಬಿಸಿ, ಇದ್ದ ಜಾಗದಲ್ಲೇ ನಿಲ್ಲಿಸಿ, ಏನಾಯಿತೆಂದು ನಿಧಾನವಾಗಿ ಮಾಡಿ ತೋರಿಸಿ ಎಂದ. ನಾನು ಚೆಂಡು ಹಿಡಿದವಳಂತೆ ನಟಿಸಿ, ಒಂದು ಚೂರೇ ಚೂರು ತಲೆ ಬಾಗಿಸಿದೆ. ಅವಳು ನನಗಿಂತ ಕಡಿಮೆ ಬಾಗಿಸಿದಳು. ನಮ್ಮ ಎರಡು ಹಣೆಗಳ ನಡುವೆ ಒಂದು ಕುಂಬಳಕಾಯಿ ಇಡುವಷ್ಟು ಜಾಗ ಉಳಿಯಿತು. ನಮ್ಮಿಬ್ಬರ ಪ್ರಕಾರ ಅಲ್ಲಿ ಡಿಕ್ಕಿಯೇ ಆಗಿರಲಿಲ್ಲ.

"ಮಗ್ ಟಿಕಲೀ ಉಡೂನ್ ಗೇಲೀ ಕಾ?" ಎಂದ ರೆಫರಿ. ಹಾಗಾದರೆ ಟಿಕಳಿ ಹಾರಿ ಹೋಯಿತೇ? ಸುತ್ತ ನಿಂತವರೆಲ್ಲ ಘೊಳ್ಳೆಂದರು.

ಕೊನೆಗೆ ಅವನು ಬಗ್ಗಿ ಗೆರೆಯನ್ನು ನೋಡಿದ. ಬೆಳಿಗ್ಗೆ ಹಾಕಿದ ಸುಣ್ಣದ ಮೇಲೆ ಒಳಗಿನಿಂದ ಹೊರಗೆ ಒಂದು ಬೂಟಿನ ತುದಿ ಜಾರಿದ ಗುರುತು ಇತ್ತು. ಅವಳ ಬಲ ಬೂಟಿನ ಮೂತಿ ಬೆಳ್ಳಗಾಗಿತ್ತು. ಅವಳು ಕಾಲನ್ನು ಇನ್ನೊಂದು ಕಾಲಿನ ಹಿಂದೆ ಅಡಗಿಸಲು ನೋಡಿದಳು, ಆದರೆ ತಡವಾಗಿತ್ತು. ತೀರ್ಪು ಬಂತು: ಗೆರೆ ದಾಟಿ ತಾಗಿದ್ದು, ನನಗೆ ಎರಡು ಫ್ರೀ ಥ್ರೋ, ಆಮೇಲೆ ಚೆಂಡೂ ನಮ್ಮದೇ.

ನಮ್ಮವರು ಕುಣಿದಾಡಿದರು. ಫ್ರೀ ಥ್ರೋ ಹಾಕಬೇಕಾದವಳು ನಾನು ಎನ್ನುವುದು ನೆನಪಾದಾಗ ಕುಣಿತ ನಿಂತಿತು. ತಾಗಿಸಿಕೊಂಡವಳೇ ಎಸೆಯಬೇಕು, ಅದೂ ನಿಯಮ. ಮೊದಲನೆಯದು ಬುಟ್ಟಿಯ ತನಕ ಹೋಗಲೇ ಇಲ್ಲ. ಎರಡನೆಯದು ಬುಟ್ಟಿಯ ಕಬ್ಬಿಣದ ಬಳೆಯ ಮೇಲೆ ಕೂತು, ಹೋಗಲೋ ಬೇಡವೋ ಎಂದು ಯೋಚಿಸಿ, ಹೊರಗೆ ಬಿತ್ತು. ಬ್ಯಾಂಕಿನ ಗೆಳತಿ ಮೊದಲೇ ಕಣ್ಣು ಮುಚ್ಚಿಕೊಂಡಿದ್ದಳು.

ಆದರೂ ಚೆಂಡು ನಮ್ಮದೇ ಅಲ್ಲವೇ? ಮತ್ತೆ ಗೆರೆಯ ಹೊರಗೆ ಹೋಗಿ ನಿಂತೆ. ಮತ್ತೆ ಅವಳೇ ಬಂದಳು. ಈ ಸಲ ಗೆರೆಯಿಂದ ಒಂದು ಹೆಜ್ಜೆ ಹಿಂದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮಾಸ್ತರರ ಮುಂದೆ ನಿಂತ ಹುಡುಗಿಯ ಹಾಗೆ ನಿಂತಳು. ಮುಟ್ಟುವ ಮಾತೇ ಇರಲಿಲ್ಲ. ಬಾಗಿಲು ತೆರೆದಿಟ್ಟ ಹಾಗಿತ್ತು. ಬ್ಯಾಂಕಿನ ಗೆಳತಿ ಬುಟ್ಟಿಯ ಹತ್ತಿರ ಕೈ ಎತ್ತಿ ಒಬ್ಬಳೇ ನಿಂತಿದ್ದಳು. ರೆಫರಿ ಚೆಂಡು ನನ್ನ ಕೈಗೆ ಕೊಟ್ಟು, ಕೈ ಬೀಸಿ ಎಣಿಸಲು ಶುರುಮಾಡಿದ.

ಆಗ ಅವಳು ಹುಬ್ಬು ಮೇಲೆತ್ತಿದಳು. ಹುಬ್ಬಿನ ಜೊತೆಗೆ ಟಿಕಳಿಯೂ ಮೇಲೇರಿತು. ಅದನ್ನು ಯಾರೂ ತೆಗೆದಿರಲಿಲ್ಲ.

"ಅಕ್ಕಾರ," ಎಂದಳು, ಮುಖದಲ್ಲಿ ನಗುವಿನ ಸುಳಿವಿಲ್ಲ. "ಖರೇ ಹೇಳ್ರಿ. ಈ ಬಣ್ಣ ನನಗ ಒಪ್ತದೇನ್ರಿ?"

ನನಗೆ ನಗು ಉಕ್ಕಿ ಬಂತು. ತುಟಿ ಬಿಗಿಹಿಡಿದೆ. ಅವಳು ಹುಬ್ಬು ಇಳಿಸಿದಳು, ಟಿಕಳಿ ಇಳಿಯಿತು. ಏರಿಸಿದಳು, ಏರಿತು. ನಾನು ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಬಗ್ಗಿ ನಗತೊಡಗಿದೆ.

"ನಗಬ್ಯಾಡ್ರೀ! ಒಗೀರಿ! ಒಗೀರೀ!" ಕೋಚ್ ಬೆಂಚಿನ ಮೇಲೆ ಹತ್ತಿ ನಿಂತು ಕಿರುಚಿದರು. ಒಗೆಯಲು ಕೈಯಲ್ಲಿ ಬಲ ಬೇಕಲ್ಲ. ಕಣ್ಣಲ್ಲಿ ನೀರು ತುಂಬಿ ಬ್ಯಾಂಕಿನ ಗೆಳತಿ ಒಬ್ಬಳಿದ್ದವಳು ಮೂವರಾಗಿ ಕಂಡಳು. ಸೀಟಿ ಕೂಗಿತು. ಐದು ಸೆಕೆಂಡು ಮುಗಿದಿತ್ತು. ಚೆಂಡು ಅವರಿಗೆ ಹೋಯಿತು, ಆಟವೂ ಹೋಯಿತು.

ನಾನು ಸುಲಭಕ್ಕೆ ಬಿಡುವವಳಲ್ಲ. ನಗು ನಿಂತ ಮೇಲೆ ರೆಫರಿಯ ಹತ್ತಿರ ಹೋಗಿ, ಇವಳು ನನ್ನ ಥ್ರೋ-ಇನ್‌ಗೆ ಅಡ್ಡಿಮಾಡಿದಳು ಎಂದು ದೂರಿದೆ. ಕೈ ಹಾಕಿದಳೇ? ಇಲ್ಲ. ಕಾಲು? ಇಲ್ಲ. ಗೆರೆ ದಾಟಿದಳೇ? ಇಲ್ಲ. ಮತ್ತೇನು ಮಾಡಿದಳು ಎಂದ. ನಗಿಸಿದಳು ಎಂದೆ. ಅವನು ಬಹಳ ಗೌರವದಿಂದಲೇ ಹೇಳಿದ: "ಕಾಕೂ, ಹಸವಣಂ ಫೌಲ್ ನಾಹೀ." ನಗಿಸುವುದು ಫೌಲ್ ಅಲ್ಲ.

ಆಮೇಲೆ ಬೇವಿನ ಮರದ ಕೆಳಗೆ ಎರಡೂ ತಂಡಕ್ಕೆ ಊಟ. ಅವಳು ನನ್ನ ಪಕ್ಕಕ್ಕೇ ಬಂದು ಕೂತು ತನ್ನ ಡಬ್ಬಿ ಬಿಚ್ಚಿದಳು. ತೆಳ್ಳನೆಯ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ, ಮೊದಲು ಪೈಠಣದಲ್ಲಿದ್ದರಂತೆ, ಈಗ ಸಂಭಾಜಿನಗರಕ್ಕೇ ಬಂದಿದ್ದಾರೆ.

"ಮನ್ಯಾಗ ಕನ್ನಡ ಮಾತಾಡಾಕಿ ನಾ ಒಬ್ಬಾಕೇ ಉಳದೀನ್ರಿ," ಎಂದಳು. "ಮಕ್ಕಳಿಗಿ ತಿಳೀತದ, ಆದ್ರ ಉತ್ತರ ಮರಾಠಿನಾಗ. ಇವರು ದಿನಾ ಫ್ಯಾಕ್ಟರಿನಾಗ ಹಿಂದಿ ಮಾತಾಡಿ ಮಾತಾಡಿ ಮನ್ಯಾಗೂ ಹಿಂದಿನೇ. ನಿಮ್ಮ ಕೋಚ್ 'ಬಾಯಿ ತಕ್ಕೊಂಡು ಏನ್ ನೋಡ್ಲತ್ತೀರಿ' ಅಂತ ಒದರಿದ್ರು ನೋಡ್ರಿ, ನಮ್ಮ ಅವ್ವನೇ ಬಂದು ಬೈದಂಗಾಯ್ತು. ಒಂದು ಬಾಲು ಬಿಟ್ಟೇ ಬಿಟ್ಟೆ."

"ಒಂದೇ ಬಿಟ್ರಿ. ಉಳದಿದ್ದೆಲ್ಲಾ ಹಿಡದ್ರಲ್ಲ?"

"ಅವ್ವ ಬೈತಾಳಂತ ಕೆಲಸ ಬಿಡಕ್ಕಾಗ್ತದೇನ್ರಿ?"

ಆಚೆ ಕೂತಿದ್ದ ಕೋಚ್ ಇದುವರೆಗೆ ನನ್ನ ಜೊತೆ ಮಾತು ಬಿಟ್ಟಿದ್ದರು. ಈ ಮಾತು ಅವರ ಕಿವಿಗೆ ಬಿದ್ದಿತು. ಎದ್ದು ಬಂದು ಅವಳ ಎದುರು ನಿಂತು, "ನಾ ನಿನಗ ಅವ್ವನಂಗ ಕಾಣ್ತೀನೇನು? ಅಕ್ಕನಂಗ ಕಾಣಬೇಕು," ಎಂದು ಗದರಿ, ಅವಳ ಡಬ್ಬಿಯಿಂದಲೇ ಅರ್ಧ ರೊಟ್ಟಿ ಮುರಿದುಕೊಂಡು ಕೂತರು. ಮುಂದಿನ ಒಂದು ಗಂಟೆ ಅವರಿಬ್ಬರೇ ಮಾತಾಡಿದರು. ಆಳಂದದ ಯಾವುದೋ ಶಾಲೆ, ಭಾಲ್ಕಿಯ ಯಾವುದೋ ಮದುವೆ, ದೂರದ ಯಾವುದೋ ಸಂಬಂಧವೂ ಹೊರಬಿತ್ತು. ಸೋತವಳು ನಾನು, ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಹೊರಡುವಾಗ ಇಬ್ಬರೂ ಫೋನ್ ನಂಬರು ಬದಲಾಯಿಸಿಕೊಂಡರು. ವಾಪಸ್ ಬರುವಾಗ ಟೆಂಪೋದಲ್ಲೂ ಕೋಚ್ ನನ್ನ ಜೊತೆ ಮಾತು ಬಿಟ್ಟೇ ಇದ್ದರು.

ನಾವು ಮನೆ ತಲುಪುವ ಮೊದಲೇ ವಿಡಿಯೋ ತಲುಪಿತ್ತು. ನಾನು ಚೆಂಡು ಅವುಚಿಕೊಂಡು ನಗುವುದನ್ನು ಕಾಲೊನಿಯ ಗ್ರೂಪಿನಲ್ಲಿ ಎಲ್ಲರೂ ನೋಡಿಯಾಗಿತ್ತು. ಮಗಳು ಬಾಗಿಲಲ್ಲೇ ನಿಂತು, "ಆಯೀ, ನಿಯಮ ಕಾಯ ಮ್ಹಣತೋ?" ಎಂದು ಕೇಳಿದಳು. ನಿಯಮ ಏನು ಹೇಳುತ್ತದೆ?

ಮರುದಿನದಿಂದಲೇ ಕೋಚ್ ನನಗೆ ಹೊಸ ಅಭ್ಯಾಸ ಶುರುಮಾಡಿದರು. ಬಾಯಿ ತುಂಬ ನೀರು ಇಟ್ಟುಕೊಂಡು ಗೆರೆಯ ಹೊರಗೆ ನಿಲ್ಲಬೇಕು. ತಂಡದವರೆಲ್ಲ ಒಬ್ಬೊಬ್ಬರಾಗಿ ಎದುರು ಬಂದು ನಗಿಸಲು ನೋಡಬೇಕು. ನೀರು ಹೊರಗೆ ಬರುವ ಮೊದಲು ಚೆಂಡು ಒಳಗೆ ಹೋಗಬೇಕು. ಮೊದಲ ದಿನ ಮಗಳ ಮೇಲೆಲ್ಲ ನೀರು. ಎರಡನೇ ದಿನ ಬ್ಯಾಂಕಿನ ಗೆಳತಿ ತನ್ನ ಮ್ಯಾನೇಜರ್ ಸೀನುವುದನ್ನು ಮಾಡಿ ತೋರಿಸಿ ನೆಂದುಹೋದಳು. ಬರಬರುತ್ತ ನಾನು ಗಟ್ಟಿಯಾದೆ. ಒಂದು ಸಂಜೆ ಕಾರ್ಖಾನೆಯಿಂದ ಬರುತ್ತಿದ್ದ ನನ್ನ ಗಂಡನನ್ನೂ ಕರೆದು ನಿಲ್ಲಿಸಿದರು. ಅವರು ತಮ್ಮ ಕಾಲೇಜಿನ ಕಾಲದ ಜೋಕೊಂದನ್ನು ಪೂರ್ತಿ ವಿವರಗಳ ಸಮೇತ, ನಡುವೆ ತಾವೇ ನಕ್ಕು ನಿಂತು ಮತ್ತೆ ಮುಂದುವರಿಸುತ್ತ ಹೇಳಿದರು. ನನ್ನ ಬಾಯಿಂದ ಒಂದು ಹನಿಯೂ ಹೊರಬರಲಿಲ್ಲ.

"ಈಗ ತಯಾರಾದ್ರಿ," ಎಂದರು ಕೋಚ್. "ಇನ್ನ ಕಡೀ ಪರೀಕ್ಷಾ."

ಅವರು ತಮ್ಮ ಹೊಸ ಫೋನು ತೆಗೆದು, ಸಂಭಾಜಿನಗರಕ್ಕೆ ವಿಡಿಯೋ ಕಾಲ್ ಹಚ್ಚಿ, ನನ್ನ ಮೂಗಿನೆದುರು ಹಿಡಿದರು. ನಾನು ಕೆನ್ನೆ ಉಬ್ಬಿಸಿಕೊಂಡು, ಚೆಂಡು ಎತ್ತಿ, ಕಲ್ಲ ಹಾಗೆ ನಿಂತೆ. ಆ ಕಡೆ ಫೋನು ಎತ್ತಿದ ಸದ್ದಾಯಿತು, ಪರದೆಯ ಮೇಲೆ ಅವಳ ಮುಖ ಮೂಡಿತು. ಅವಳು ಇನ್ನೂ ಹಲೋ ಕೂಡ ಅಂದಿರಲಿಲ್ಲ.

ಕೋಚ್‌ರ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಕಾಯಿತು.